ಗಡಿಯಾರದ ಸೂಕ್ಷ್ಮ, ಕಡಲಿನ ಉಪ್ಪು: ಬೇಟ್‌ಕಾಸ್ಟಿಂಗ್ ರೀಲಿನ ತಾಳಿಕೆ ಬಾಳಿಕೆ

ಗಾಳದ ಕೋಲಿಗೆ ಕಟ್ಟುವ ರೀಲುಗಳಲ್ಲಿ ಎರಡು ಜಾತಿ ಮುಖ್ಯ. ಕೋಲಿನ ಕೆಳಗೆ ತೂಗಾಡುವುದು ಸ್ಪಿನ್ನಿಂಗ್ ರೀಲ್. ಅದರಲ್ಲಿ ಗಾಳ ಎಸೆದಾಗ ಸ್ಪೂಲ್ ಅಲುಗುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಕೋಲಿನ ಮೇಲೆ ಕೂರುವುದು ಬೇಟ್‌ಕಾಸ್ಟಿಂಗ್ ರೀಲ್. ಅದರಲ್ಲಿ ಸ್ಪೂಲ್ ಬಾವಿಯ ರಾಟೆಯ ಹಾಗೆ ಅಡ್ಡಕ್ಕೆ ಕೂತಿರುತ್ತದೆ. ಗಾಳ ಹಾರಿದಂತೆ ಸ್ಪೂಲೇ ತಿರುಗಿ ದಾರ ಬಿಡುತ್ತದೆ. ತಿರುಗುವ ಸ್ಪೂಲಿನ ಮೇಲೆ ಹೆಬ್ಬೆರಳು ತಾಗಿಸಿ ಗಾಳವನ್ನು ಬೇಕಾದ ಜಾಗದಲ್ಲಿ ಇಳಿಸಬಹುದು. ಬಂಡೆಯ ಸಂದಿಯಿಂದ, ಕಾಂಡ್ಲಾ ಗಿಡಗಳ ಬೇರಿನ ನಡುವಿನಿಂದ ದೊಡ್ಡ ಮೀನನ್ನು ಎಳೆದು ತರುವ ಬಲವೂ ಈ ರೀಲಿಗೆ ಇದೆ.

ಅನುಕೂಲ ಇರುವಲ್ಲೇ ತೊಂದರೆಯೂ ಇದೆ. ದಾರ ತುಂಬಿದ ಸ್ಪೂಲಿನ ವ್ಯಾಸ 34 ಮಿ.ಮೀ. ಎಂದುಕೊಳ್ಳಿ. ಗಾಳ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹಾರಿದರೆ ಆ ಗಳಿಗೆಯಲ್ಲಿ ಸ್ಪೂಲ್ ನಿಮಿಷಕ್ಕೆ ಸುಮಾರು 17,000 ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರಬೇಕು. ಇಷ್ಟು ವೇಗವನ್ನು ಹೊತ್ತುಕೊಳ್ಳುವುದು ಶರ್ಟಿನ ಗುಂಡಿಯಷ್ಟು ಅಗಲದ ಎರಡು ಬೇರಿಂಗ್‌ಗಳು. ಅವುಗಳ ಒಳಗೆ ಉಪ್ಪಿನ ಒಂದೆರಡು ಕಣ ಸೇರಿದರೂ ಎಸೆತದ ದೂರ ಕುಗ್ಗುತ್ತದೆ. ಹಾಗೇ ಬಿಟ್ಟರೆ ಬೇರಿಂಗ್ ಹಿಡಿದುಕೊಂಡು ನಿಲ್ಲುತ್ತದೆ.

ಉಪ್ಪುನೀರಿನಲ್ಲಿ ಇಂಥ ರೀಲ್ ಎಷ್ಟು ವರ್ಷ ಬಾಳುತ್ತದೆ ಎಂಬುದು ಅದರ ಬೆಲೆಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ. ನೀರು ಹೊಕ್ಕು ಕೂರುವ ಸಂದಿಗಳು ಅದರಲ್ಲಿ ಎಷ್ಟಿವೆ ಎಂಬುದು ಒಂದು. ಮನೆಗೆ ಬಂದ ರಾತ್ರಿ ಅದರ ಮಾಲೀಕ ಏನು ಮಾಡುತ್ತಾನೆ ಎಂಬುದು ಇನ್ನೊಂದು.

ಗಡಿಯಾರದ ಮೇಜಿನಲ್ಲಿ ಹುಟ್ಟಿದ್ದು

ಈ ರೀಲಿನ ಹುಟ್ಟೂರು ಕಡಲಿನಿಂದ ಬಲು ದೂರ. ಅಮೆರಿಕದ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಕರ್ಮಿ ಇದ್ದ. ಕೈಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲ್ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರ ಕೂಡಿಸಿದ ರೀಲನ್ನು ಅವನು 1820ರ ಹೊತ್ತಿಗೆ ತಯಾರಿಸಿದ್ದ. ಅದೇ ರಾಜ್ಯದ ಮೀಕ್ ಸಹೋದರರು ಆ ಕಸುಬನ್ನು ಮುಂದುವರಿಸಿದರು. ಅವರದೂ ಗಡಿಯಾರ ಮತ್ತು ಬೆಳ್ಳಿ ಕೆಲಸದ ಅಂಗಡಿಯೇ. ದಾರ ಒಂದೇ ಕಡೆ ಗುಪ್ಪೆಯಾಗದಂತೆ ಅತ್ತಿತ್ತ ಓಡಾಡಿ ಸಮನಾಗಿ ಸುತ್ತುವ ಲೆವೆಲ್‌ ವೈಂಡ್‌ ಉಳ್ಳ ರೀಲನ್ನು ಮಾರುಕಟ್ಟೆಗೆ ತಂದವರಲ್ಲಿ ವಿಲಿಯಂ ಷೇಕ್ಸ್‌ಪಿಯರ್ ಪ್ರಮುಖ. ನಾಟಕಕಾರನಲ್ಲ; 1897ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ತನ್ನದೇ ಹೆಸರಿನ ಕಂಪನಿ ಶುರುಮಾಡಿದವನು.

ಸ್ವೀಡನ್ನಿನ ಆಬು ಕಂಪನಿಯ ಕಥೆಯೂ ಇದೇ ಜಾಡಿನದು. ಸ್ವ್ಯಾಂಗ್‌ಸ್ಟಾ ಎಂಬ ಊರಿನಲ್ಲಿ 1921ರಲ್ಲಿ ಅದು ಶುರುವಾದದ್ದು ಗಡಿಯಾರದ ಕಾರ್ಖಾನೆಯಾಗಿ. ಆಬು ಎಂಬ ಹೆಸರಿನ ಕೊನೆಯ ‘ಉ’ ಬಂದದ್ದು ‘ಉರ್’ ಎಂಬುದರಿಂದ; ಸ್ವೀಡಿಷ್ ಭಾಷೆಯಲ್ಲಿ ಅದಕ್ಕೆ ಗಡಿಯಾರ ಎಂದೇ ಅರ್ಥ. ಆಮೇಲೆ ಅದು ಟ್ಯಾಕ್ಸಿ ಮೀಟರ್ ಮಾಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ವ್ಯಾಪಾರ ಬಿದ್ದಾಗ ಮೀನಿನ ರೀಲಿನ ಕಡೆ ತಿರುಗಿತು. 1952ರಲ್ಲಿ ಬಂದ ಅದರ ಅಂಬಾಸಿಡರ್ 5000 ಮಾದರಿ ಜಗತ್ತೆಲ್ಲ ಹೆಸರಾಯಿತು. ಕಾವೇರಿಯಲ್ಲಿ ಬಿಳಿಮೀನು, ಅಂದರೆ ಮಹಶೀರ್ ಹಿಡಿಯಲು ಬರುತ್ತಿದ್ದ ಹೊರದೇಶದ ಹವ್ಯಾಸಿಗಳ ಕೋಲುಗಳಲ್ಲೂ ಆಬು ರೀಲುಗಳಿದ್ದವು. ಆದರೆ ಕಾವೇರಿಯದು ಸಿಹಿನೀರು.

ಕಡಲಿಗೆಂದೇ ಹುಟ್ಟಿದ ಬಳಗ ಬೇರೆ. ಜರ್ಮನಿಯಿಂದ ವಲಸೆ ಬಂದಿದ್ದ ಆಟೊ ಹೆನ್ಸೆ 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿಯನ್ನು ಕಟ್ಟಿದ. 1936ರಲ್ಲಿ ಬಂದ ಅದರ ಸೆನೆಟರ್ ರೀಲ್ ಭಾರವಾದದ್ದು, ಒರಟಾದದ್ದು, ಲೆವೆಲ್‌ ವೈಂಡ್ ಇಲ್ಲದ್ದು. ಹೆಬ್ಬೆರಳಿನಿಂದಲೇ ದಾರವನ್ನು ಹರಡಿಕೊಳ್ಳಬೇಕಿತ್ತು. ಬಿಡಿಭಾಗ ಕಡಿಮೆ ಇದ್ದದ್ದರಿಂದ ಕೆಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಇವತ್ತಿನ ಬೇಟ್‌ಕಾಸ್ಟಿಂಗ್ ರೀಲ್ ಈ ಎರಡೂ ಮನೆತನಗಳ ನಡುವೆ ನಿಂತಿದೆ. ಒಳಗಿರುವುದು ಗಡಿಯಾರದ ಸೂಕ್ಷ್ಮ, ಇಳಿಯಬೇಕಾದದ್ದು ಕಡಲಿಗೆ.

ಒಳಗೆ ಏನೇನಿದೆ

ರೀಲನ್ನು ನೋಡಿಕೊಳ್ಳಬೇಕಾದರೆ ಅದರ ಅಂಗಾಂಗ ಗೊತ್ತಿರಬೇಕು. ಮುಖ್ಯವಾದವು ಇವು:

ಸ್ಪೂಲ್ ಮತ್ತು ಬೇರಿಂಗ್: ದಾರ ಸುತ್ತಿಕೊಳ್ಳುವ ಉರುಳೆ ಸ್ಪೂಲ್, ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಎರಡು ತುದಿಗೂ ಒಂದೊಂದು ಬಾಲ್ ಬೇರಿಂಗ್.

ಗೇರ್: ಕೈಹಿಡಿಗೆ ಕೂಡಿದ್ದು ದೊಡ್ಡ ಗೇರ್, ಸ್ಪೂಲಿಗೆ ಕೂಡಿದ್ದು ಪಿನಿಯನ್ ಎಂಬ ಸಣ್ಣ ಗೇರ್. ಬಹುಪಾಲು ರೀಲುಗಳಲ್ಲಿ ಹಿತ್ತಾಳೆಯವು. ಅನುಪಾತ 7:1 ಎಂದರೆ ಕೈಹಿಡಿಯ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತು.

ಕ್ಲಚ್: ಹೆಬ್ಬೆರಳಿನಿಂದ ಒತ್ತುವ ಪಟ್ಟಿ ಪಿನಿಯನ್ನನ್ನು ಸ್ಪೂಲಿನಿಂದ ಬಿಡಿಸುತ್ತದೆ, ಆಗ ಸ್ಪೂಲ್ ಸ್ವತಂತ್ರವಾಗಿ ತಿರುಗುತ್ತದೆ. ಕೈಹಿಡಿ ತಿರುಗಿಸಿದ ಕೂಡಲೇ ಎರಡು ಸಣ್ಣ ಸ್ಪ್ರಿಂಗುಗಳು ಅದನ್ನು ಮತ್ತೆ ಸ್ಪೂಲಿಗೆ ಕೂಡಿಸುತ್ತವೆ.

ಡ್ರ್ಯಾಗ್: ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಬಿಗಿಯಾಗಿಯೇ ಸಡಿಲ ಬಿಡುವ ವ್ಯವಸ್ಥೆ. ದೊಡ್ಡ ಗೇರಿನ ಹೊಟ್ಟೆಯೊಳಗೆ ಒಂದರ ಮೇಲೊಂದು ಪೇರಿಸಿದ ವಾಷರ್‌ಗಳಿರುತ್ತವೆ. ಕೈಹಿಡಿಯ ಪಕ್ಕದ ನಕ್ಷತ್ರದಾಕಾರದ ಚಕ್ರ ಅವುಗಳ ಬಿಗಿತ ಹೊಂದಿಸುತ್ತದೆ.

ಆ್ಯಂಟಿ ರಿವರ್ಸ್: ಕೈಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವ, ಒಂದೇ ದಿಕ್ಕಿಗೆ ಬಿಡುವ ರೋಲರ್ ಬೇರಿಂಗ್.

ಬ್ರೇಕ್: ಗಾಳದ ವೇಗ ತಗ್ಗಿದರೂ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಿದ್ದರೆ ದಾರ ಉಕ್ಕಿ ಹಕ್ಕಿಗೂಡಿನಂಥ ಸಿಕ್ಕಾಗುತ್ತದೆ. ಅದನ್ನು ತಡೆಯಲು ಕೆಲವು ರೀಲುಗಳಲ್ಲಿ ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಉಜ್ಜುವ ಪ್ಲಾಸ್ಟಿಕ್ ತುಣುಕುಗಳಿವೆ. ಇನ್ನು ಕೆಲವಲ್ಲಿ ಆಯಸ್ಕಾಂತಗಳಿವೆ. ಅವು ಸ್ಪೂಲಿನ ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ, ಮುಟ್ಟದೆಯೇ ತಡೆ ಒಡ್ಡುತ್ತವೆ.

ಲೆವೆಲ್‌ ವೈಂಡ್: ಸ್ಪೂಲಿನ ಮುಂದೆ ಓರೆ ಗೀರುಗಳಿರುವ ಒಂದು ತಿರುಪು ಸರಳು. ಅದರ ಮೇಲೆ ಒಂದು ಚಿಕ್ಕ ನಾಲಗೆ ಓಡಾಡುತ್ತ ದಾರವನ್ನು ಅತ್ತಿತ್ತ ಒಯ್ಯುತ್ತದೆ.

ಅಂಗೈಯಲ್ಲಿ ಅಡಗುವ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ, ಹಿತ್ತಾಳೆ, ಸ್ಟೀಲ್ ಮೂರೂ ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ ಎಂಬುದನ್ನು ನೆನಪಿನಲ್ಲಿಡಿ. ಮುಂದಿನ ಕಥೆ ಇದರದ್ದೇ.

ಉಪ್ಪು ಮಾಡುವ ಕೆಲಸ

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದು ಲೋಹಕ್ಕೆ ಮೂರು ದಾರಿಯಲ್ಲಿ ಕೇಡು ಮಾಡುತ್ತದೆ.

ಮೊದಲನೆಯದು, ಲೋಹದ ರಕ್ಷಣೆಯ ಪೊರೆ ಹರಿಯುವುದು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ ಇರುತ್ತದೆ. ಗೀಚಿದರೂ ಗಾಳಿಯ ಆಮ್ಲಜನಕ ತಾಗಿ ಮತ್ತೆ ಬೆಳೆಯುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಲಲ್ಲಿ ಅದನ್ನು ಚುಚ್ಚಿ ಸೂಜಿಮೊನೆಯಂಥ ಗುಳಿ ಮಾಡುತ್ತದೆ. ಸ್ಕ್ರೂ ತಲೆಯ ಅಡಿಯಲ್ಲಿ, ಬೇರಿಂಗ್ ಕೂರುವ ಗೂಡಿನಲ್ಲಿ ಗಾಳಿ ಆಡುವುದಿಲ್ಲ. ಹರಿದ ಪೊರೆ ಅಲ್ಲಿ ಮತ್ತೆ ಬೆಳೆಯುವುದಿಲ್ಲ. ಹೊರಗೆ ಹೊಳೆಯುವ ರೀಲಿನ ಸಂದಿಗಳು ತುಕ್ಕು ಹಿಡಿದಿರುವುದು ಇದಕ್ಕೇ.

ಎರಡನೆಯದು, ಎರಡು ಲೋಹಗಳ ಜಗಳ. ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು ನಡುವೆ ಉಪ್ಪುನೀರು ಇದ್ದರೆ ಅದೊಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ದುರ್ಬಲ ಲೋಹ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂ ಚೌಕಟ್ಟಿಗೆ ಕೂತಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಪುಡಿಯಾಗಿ ಉಬ್ಬಿ ಸ್ಕ್ರೂವನ್ನು ಬಿಗಿಹಿಡಿಯುತ್ತದೆ. ಹಗುರವೆಂದು ಕೆಲವರು ಮೆಚ್ಚುವ ಮೆಗ್ನೀಸಿಯಂ ಚೌಕಟ್ಟಿಗೆ ಈ ಜಗಳದಲ್ಲಿ ಇನ್ನೂ ಬೇಗ ಸೋಲು.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೀರು ಒಣಗಿತು, ಇನ್ನು ಭಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಉಪ್ಪು ಒಳಗೇ ಉಳಿದಿದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಸಾಮಾನ್ಯ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟು ಸಾಕು. ಮಂಗಳೂರು, ಉಡುಪಿ, ಕಾರವಾರದ ಅಡುಗೆಮನೆಗಳಲ್ಲಿ ಮಳೆಗಾಲದ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆ ಎಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭರಣಿಯಲ್ಲಿ ಆಗುವುದೇ ಕಪಾಟಿನಲ್ಲಿಟ್ಟ ರೀಲಿನ ಬೇರಿಂಗಿನಲ್ಲೂ ಆಗುತ್ತದೆ. ರೀಲ್ ಕಡಲಿನಲ್ಲಿ ಇರುವುದು ನಾಲ್ಕು ತಾಸು. ಉಳಿದ ದಿನಗಳೆಲ್ಲ ಅದು ಸವೆಯುವುದು ಮನೆಯಲ್ಲೇ.

ಮೂರು ಬಣ್ಣ, ಮೂರು ಕಾಯಿಲೆ

ಒಂದೆರಡು ವರ್ಷ ಕಡಲಿಗೆ ಒಯ್ದು ಆರೈಕೆ ಮಾಡದೆ ಬಿಟ್ಟ ರೀಲನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಬಿಚ್ಚಿದರೆ ಮೂರು ಬಣ್ಣ ಕಾಣುತ್ತವೆ.

ಚೌಕಟ್ಟಿನ ಮೂಲೆ, ಸ್ಕ್ರೂ ತೂತು, ದಾರದ ಅಡಿಯ ಸ್ಪೂಲಿನ ಮೈ – ಇಲ್ಲೆಲ್ಲ ಸುಣ್ಣದಂಥ ಬಿಳಿ ಪುಡಿ. ಅದು ಅಲ್ಯೂಮಿನಿಯಂ ಸವೆದದ್ದು. ಬೆರಳಿನಿಂದ ಒರೆಸಿದರೆ ಅಡಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಹಾಗೆ ಆದ ಜಾಗ ಮತ್ತೆ ತುಂಬುವುದಿಲ್ಲ. ಉಜ್ಜಿ, ತೊಳೆದು, ತೆಳುವಾಗಿ ಗ್ರೀಸ್ ಸವರಿದರೆ ಹರಡುವುದು ನಿಲ್ಲುತ್ತದೆ.

ಗೇರಿನ ಹಲ್ಲುಗಳ ಬುಡದಲ್ಲಿ ಹಸಿರು ಕಿಲುಬು. ದೇವರ ಮನೆಯ ದೀಪದ ಕಂಬಕ್ಕೆ ಹಿಡಿಯುವಂಥದೇ. ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ಹುಣಸೆಹಣ್ಣು, ನಿಂಬೆಹುಳಿ ಹಿತ್ತಾಳೆಯನ್ನು ಬೆಳಗುತ್ತವೆ ನಿಜ; ಆದರೆ ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ಗೇರನ್ನು ಬಿಡಿಸಿ ಹೊರಗೆ ತೆಗೆದಿದ್ದರೆ ಮಾತ್ರ ಬಳಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕಿಲುಬು ಹೋದ ಮೇಲೂ ಕೈಹಿಡಿ ತಿರುಗಿಸುವಾಗ ಕಾಳು ಅರೆದಂತೆ ಕರಕರ ಎನ್ನಿಸಿದರೆ ಹಲ್ಲೇ ಸವೆದಿದೆ ಎಂದರ್ಥ. ಗೇರನ್ನು ಬದಲಿಸಬೇಕು, ಎರಡನ್ನೂ ಜೊತೆಗೇ.

ಬೇರಿಂಗು, ಸ್ಪ್ರಿಂಗು, ಕ್ಲಿಪ್ಪುಗಳ ಮೇಲೆ ಕಂದು ತುಕ್ಕು. ಬೇರಿಂಗಿಗೆ ಬಳಸುವ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ 440ಸಿ. ಅದರಲ್ಲಿ ಕ್ರೋಮಿಯಂ ಶೇ. 16ರಿಂದ 18, ಇಂಗಾಲ ಸುಮಾರು ಶೇ. 1. ಆ ಇಂಗಾಲದಿಂದಲೇ ಅದು ಗಡಸಾಗುತ್ತದೆ. ಆದರೆ ಇಂಗಾಲವು ಕ್ರೋಮಿಯಂನ ಒಂದು ಪಾಲನ್ನು ತನ್ನತ್ತ ಕಟ್ಟಿಕೊಳ್ಳುವುದರಿಂದ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ. ಮಾಲಿಬ್ಡಿನಂ ಬೆರೆತ 316 ಸ್ಟೀಲ್ ಕಡಲನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೇರಿಂಗಿಗೆ ಬೇಕಾದಷ್ಟು ಗಡಸಾಗುವುದಿಲ್ಲ. ಹೀಗೆ ‘ಸ್ಟೇನ್‌ಲೆಸ್’ ಎಂಬ ಹೆಸರನ್ನು ನಂಬಿ ಕೈಕಟ್ಟಿ ಕೂರುವಂತಿಲ್ಲ. ಸೆರಾಮಿಕ್ ಬೇರಿಂಗ್ ಎಂದು ಮಾರುವುದರಲ್ಲೂ ಸಾಮಾನ್ಯವಾಗಿ ಗುಂಡುಗಳು ಮಾತ್ರ ಸೆರಾಮಿಕ್. ಅವು ಓಡುವ ಬಳೆಗಳು ಸ್ಟೀಲಿನವೇ.

ಮೊದಲು ಕೈಕೊಡುವ ಭಾಗಗಳು

ಎಲ್ಲ ಭಾಗಗಳೂ ಒಟ್ಟಿಗೆ ಕೆಡುವುದಿಲ್ಲ. ಲೆವೆಲ್‌ ವೈಂಡ್ ಮುಂಚೂಣಿಯಲ್ಲಿದೆ. ಒದ್ದೆ ದಾರ ನೀರನ್ನೂ ಮರಳನ್ನೂ ತಂದು ಸುರಿಯುವುದು ನೇರ ಅದರ ಮೇಲೆ. ಸರಳಿನ ಗೀರುಗಳಲ್ಲಿ ಮರಳು ಕೂತರೆ ನಾಲಗೆ ಸವೆಯುತ್ತದೆ. ದಾರ ಒಂದು ಪಕ್ಕದಲ್ಲೇ ಗುಪ್ಪೆಯಾಗತೊಡಗುತ್ತದೆ. ಕಡಲ ದಂಡೆಯಿಂದ ಬಹು ದೂರ ಎಸೆಯುವ ಬ್ರಿಟನ್ನಿನ ಹವ್ಯಾಸಿಗಳಲ್ಲಿ ಅನೇಕರು ಲೆವೆಲ್‌ ವೈಂಡ್ ಇಲ್ಲದ ರೀಲನ್ನೇ ಆರಿಸುತ್ತಾರೆ. ತಡೆಯೂ ಕಡಿಮೆ, ಕೆಡುವ ಭಾಗವೂ ಒಂದು ಕಡಿಮೆ.

ಆಮೇಲಿನ ಸರದಿ ಸ್ಪೂಲ್ ಬೇರಿಂಗು ಮತ್ತು ಕೈಹಿಡಿಯ ಗುಬ್ಬಿಗಳ ಬೇರಿಂಗಿನದು. ಗುಬ್ಬಿ ಸದಾ ಒದ್ದೆ ಕೈಯಲ್ಲಿರುತ್ತದೆ, ಆದರೆ ಅದರೊಳಗೂ ಬೇರಿಂಗ್ ಇದೆ ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ.

ಮೂರನೆಯದು ಡ್ರ್ಯಾಗ್. ಹಳೆಯ ಮಾದರಿಯ ಫೆಲ್ಟ್ ವಾಷರ್ ನೀರು ಕುಡಿದರೆ ಜಾರುತ್ತದೆ, ಒಣಗಿದರೆ ಕಚ್ಚಿಕೊಳ್ಳುತ್ತದೆ. ಆಗ ಮೀನು ಎಳೆದಾಗ ದಾರ ಸರಾಗವಾಗಿ ಹೋಗುವ ಬದಲು ತಡೆತಡೆದು ಹೋಗುತ್ತದೆ, ತುಂಡಾಗುತ್ತದೆ. ಕಾರ್ಬನ್ ಫೈಬರ್ ವಾಷರ್ ಬಿಸಿಯನ್ನೂ ನೀರನ್ನೂ ಹೆಚ್ಚು ತಾಳುತ್ತದೆ.

ಕೊನೆಯದು ಆ್ಯಂಟಿ ರಿವರ್ಸ್ ಬೇರಿಂಗ್. ಇದು ಕೆಟ್ಟರೆ ಮೀನು ಕಚ್ಚಿದಾಗ ಕೋಲನ್ನು ಜಗ್ಗಿದ ಕ್ಷಣವೇ ಕೈಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಗೆಣ್ಣಿಗೆ ಹೊಡೆಯುತ್ತದೆ.

ಟೆಕ್ಸಸ್‌ ತೀರದ ಪಾಠ

ಬೇಟ್‌ಕಾಸ್ಟಿಂಗ್ ರೀಲಿಗೆ ಕಡಲಿನ ಪರೀಕ್ಷೆ ಹೇಗಿರುತ್ತದೆ ಎಂದು ನೋಡಲು ಅಮೆರಿಕದ ಟೆಕ್ಸಸ್‌ ಕರಾವಳಿ ಒಳ್ಳೆಯ ಜಾಗ. ಅಲ್ಲಿ ಸುಮಾರು 180 ಕಿ.ಮೀ. ಉದ್ದದ ಪಾಡ್ರೆ ದ್ವೀಪದ ಹಿಂಬದಿಯಲ್ಲಿ ಲಗೂನಾ ಮಾಡ್ರೆ ಎಂಬ ಹಿನ್ನೀರು ಇದೆ. ದೊಡ್ಡ ನದಿಗಳು ಅದಕ್ಕೆ ಬಂದು ಸೇರುವುದಿಲ್ಲ, ಬಿಸಿಲಿಗೆ ನೀರು ಆವಿಯಾಗುತ್ತಲೇ ಇರುತ್ತದೆ. ಹೀಗಾಗಿ ಅಲ್ಲಿನ ನೀರು ಎಷ್ಟೋ ಸಲ ಕಡಲಿಗಿಂತಲೂ ಉಪ್ಪು. ಜನ ಅದರಲ್ಲಿ ತೊಡೆಮಟ್ಟ, ಸೊಂಟಮಟ್ಟ ನಡೆದುಹೋಗಿ ರೆಡ್‌ಫಿಶ್, ಸ್ಪೆಕಲ್ಡ್ ಟ್ರೌಟ್ ಮೀನುಗಳಿಗೆ ಗಾಳ ಎಸೆಯುತ್ತಾರೆ. ಕೈಯಲ್ಲಿರುವುದು ಬಹುಪಾಲು ಲೋ ಪ್ರೊಫೈಲ್, ಅಂದರೆ ಚಪ್ಪಟೆ ಮೈಯ, ಅಂಗೈಯಗಲದ ಬೇಟ್‌ಕಾಸ್ಟಿಂಗ್ ರೀಲ್. ಮೀನನ್ನು ಬಿಡಿಸಲು ಬಗ್ಗಿದಾಗ, ಅಲೆ ಎದ್ದಾಗ ಆ ರೀಲು ಮುಳುಗಿ ಏಳುತ್ತದೆ. ದೋಣಿಯಿಂದ ಹಿಡಿಯುವವನ ರೀಲಿಗೆ ಸಿಡಿವ ಹನಿಗಳ ಕಾಟ ಮಾತ್ರ. ನೀರಿಗಿಳಿದು ಹಿಡಿಯುವವನ ರೀಲಿಗೆ ದಿನವೂ ಸ್ನಾನ. ಒಂದೇ ಕಂಪನಿಯ ಒಂದೇ ಮಾದರಿಯನ್ನು ಒಬ್ಬ ಹೊಗಳಿ, ಇನ್ನೊಬ್ಬ ಬೈಯುವುದಕ್ಕೆ ಕಾರಣ ಅನೇಕ ಸಲ ಇಷ್ಟೇ.

ಕೊಳ್ಳುವಾಗ ನೋಡಬೇಕಾದದ್ದು

ಬೇರಿಂಗ್ ಎಷ್ಟಿವೆ ಎಂಬ ಅಂಕಿಗೆ ಮರುಳಾಗಬೇಡಿ. ಹನ್ನೊಂದು ಅಗ್ಗದ ಬೇರಿಂಗ್‌ಗಳಿಗಿಂತ ತುಕ್ಕು ತಡೆಯುವ ಐದು ಬೇರಿಂಗ್ ಮೇಲು. ಬೇರಿಂಗ್ ಹೆಚ್ಚಿದಷ್ಟೂ ಕಡಲಿಗೆ ತುತ್ತಾಗುವ ಜಾಗಗಳೂ ಹೆಚ್ಚು.

ಚೌಕಟ್ಟು ಅನೊಡೈಸ್ ಮಾಡಿದ ಅಲ್ಯೂಮಿನಿಯಂ ಆಗಿದ್ದರೆ ಒಳ್ಳೆಯದು. ಗ್ರಾಫೈಟ್ ಎಂದು ಕರೆಯುವ, ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ಕಿಗೆ ತುಕ್ಕಿನ ಹೆದರಿಕೆಯೇ ಇಲ್ಲ. ಆದರೆ ದೊಡ್ಡ ಮೀನಿನ ಎಳೆತಕ್ಕೆ ಅದು ತುಸು ಬಾಗಿದರೆ ಗೇರ್‌ಗಳ ಹೊಂದಾಣಿಕೆ ತಪ್ಪುತ್ತದೆ. ಸಣ್ಣ ಮೀನಿಗೆ ಗ್ರಾಫೈಟ್, ದೊಡ್ಡದಕ್ಕೆ ಲೋಹ ಎಂಬುದು ಸರಳ ಲೆಕ್ಕ.

ಆಬು ಮಾದರಿಯ ದುಂಡು ರೀಲ್ ಕೈಗೆ ದಪ್ಪ, ಭಾರ. ಆದರೆ ಬಿಚ್ಚುವುದು ಸುಲಭ, ಒಳಗೆ ಜಾಗ ಹೆಚ್ಚು, ಗೇರ್ ದೊಡ್ಡದು. ಲೋ ಪ್ರೊಫೈಲ್ ರೀಲ್ ಹಗುರ, ದಿನವಿಡೀ ಎಸೆದರೂ ಮಣಿಕಟ್ಟು ನೋಯದು. ಬಿಚ್ಚಿ ಕೂಡಿಸಲು ಮಾತ್ರ ಹೆಚ್ಚು ತಾಳ್ಮೆ ಬೇಕು. ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ಬಿಚ್ಚಬಲ್ಲೆನೆ, ಇದರ ಬಿಡಿಭಾಗ ಸಿಗುತ್ತದೆಯೆ? ನಮ್ಮಲ್ಲಿ ಎರಡನೆಯ ಪ್ರಶ್ನೆಯೇ ದೊಡ್ಡದು. ಒಂದು ಸಮಾಧಾನವೆಂದರೆ ಬೇರಿಂಗ್‌ಗಳು ಅಳತೆಯ ಮೇಲೆ ಸಿಗುತ್ತವೆ. ಹಲವು ಲೋ ಪ್ರೊಫೈಲ್ ರೀಲುಗಳ ಸ್ಪೂಲಿಗೆ ಹಾಕುವುದು 3 ಮಿ.ಮೀ. ಒಳವ್ಯಾಸ, 10 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪದ ಬೇರಿಂಗ್, ಬೇರಿಂಗ್ ಅಂಗಡಿಯ ಭಾಷೆಯಲ್ಲಿ ಅದು 623. ಹಳೆಯದನ್ನು ಅಳೆದು ನೋಡಿ, ಸ್ಟೇನ್‌ಲೆಸ್ ಎಂದು ಹೇಳಿ ಕೊಂಡರಾಯಿತು.

ಮನೆಗೆ ಬಂದ ರಾತ್ರಿ

ಪ್ರತಿ ಸಲ ಮೀನು ಹಿಡಿದು ಬಂದ ಮೇಲೆ ಮಾಡಬೇಕಾದ ಕೆಲಸ ಹತ್ತು ನಿಮಿಷದ್ದು. ಮರುದಿನಕ್ಕೆ ಬಿಡಬಾರದು.

1. ಡ್ರ್ಯಾಗನ್ನು ಪೂರ್ತಿ ಬಿಗಿಮಾಡಿ. ವಾಷರ್‌ಗಳ ನಡುವೆ ನೀರು ನುಗ್ಗದು.

2. ಸಿಹಿನೀರನ್ನು ಮೆಲ್ಲಗೆ, ಮಳೆಹನಿಯ ಹಾಗೆ ಹಾಯಿಸಿ. ಪೈಪಿನ ಬಾಯಿ ಒತ್ತಿ ರಭಸದಿಂದ ಹೊಡೆದರೆ ಹೊರಗಿನ ಉಪ್ಪನ್ನು ನಾವೇ ಒಳಗೆ ದೂಡಿದಂತೆ. ಬಕೆಟ್ಟಿನಲ್ಲಿ ಮುಳುಗಿಸಿಡುವುದೂ ಬೇಡ. ಅಳಿವೆಯ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಬಾಯಿಗೆ ಹಾಕಿ ನೋಡಿ ಬಳಸಿ.

3. ಲೆವೆಲ್‌ ವೈಂಡಿನ ಸರಳಿಗೆ, ಸ್ಪೂಲಿನ ಮೇಲಿನ ದಾರಕ್ಕೆ ಸ್ವಲ್ಪ ಹೆಚ್ಚು ನೀರು ಬೇಕು. ಹೆಣೆದ ದಾರ, ಅಂದರೆ ಬ್ರೇಡ್, ಹತ್ತಿಯ ಬತ್ತಿಯ ಹಾಗೆ ಉಪ್ಪುನೀರು ಹಿಡಿದುಕೊಂಡಿರುತ್ತದೆ.

4. ರೀಲನ್ನು ಕೋಲಿನಿಂದ ಬಿಡಿಸಿ. ಅದರ ಪಾದ ಕೂರುವ ಜಾಗವನ್ನೂ ತೊಳೆಯಿರಿ.

5. ಕೊಡವಿ, ಹತ್ತಿಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ಪಕ್ಕದ ಮುಚ್ಚಳ ತೆಗೆಯಲು ಬರುವಂತಿದ್ದರೆ ಸ್ಪೂಲನ್ನು ಹೊರತೆಗೆದು ಬೇರೆಯಾಗಿ ಆರಿಸಿ.

6. ಒಣಗಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ವಾಷರ್‌ಗಳು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಮತ್ತೆ ಹೊರಡುವಾಗ ದಾರ ತಾಳುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಹೊಂದಿಸಿಕೊಳ್ಳಿ; ಕೊಕ್ಕೆಯ ತೂಕದ ಕಾಂಟಾ ಇದ್ದರೆ ದಾರವನ್ನು ಅದಕ್ಕೆ ಕಟ್ಟಿ ಎಳೆದು ನೋಡಬಹುದು.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ

ವೇಗವಾಗಿ ತಿರುಗುವುದಕ್ಕೆ ಎಣ್ಣೆ, ಭಾರ ಹೊರುವುದಕ್ಕೆ ಗ್ರೀಸ್ – ಇದು ಮೂಲ ಸೂತ್ರ.

ಸ್ಪೂಲಿನ ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ ಸಾಕು. ಎರಡನೆಯ ಹನಿ ಹಾಕಿದರೆ ಎಸೆತ ಮಂದವಾಗುತ್ತದೆ. ರೀಲಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆಯೂ ತಾತ್ಕಾಲಿಕವಾಗಿ ಆದೀತು. ಲೆವೆಲ್‌ ವೈಂಡ್ ಸರಳಿಗೂ, ಗುಬ್ಬಿಗಳಿಗೂ ಎಣ್ಣೆಯೇ. ಗ್ರೀಸ್ ಹಚ್ಚಿದರೆ ಮರಳು ಅದಕ್ಕೆ ಅಂಟಿಕೊಂಡು ಅರೆಯುವ ಕಲ್ಲಾಗುತ್ತದೆ.

ಗೇರ್‌ಗಳಿಗೆ ಜಲನಿರೋಧಕ ಗ್ರೀಸ್, ಹಲ್ಲು ಹಲ್ಲಿಗೂ ತೆಳುವಾಗಿ. ಸ್ಕ್ರೂ ಎಳೆಗಳಿಗೆ, ಚೌಕಟ್ಟಿನ ಒಳಮೈಗೆ, ಮುಚ್ಚಳದ ಅಂಚಿಗೆ ಕೂಡ ಒಂದು ತೆಳುಪದರ ಸವರಿ. ಸ್ಟೀಲಿಗೂ ಅಲ್ಯೂಮಿನಿಯಂಗೂ ನಡುವೆ ಅದು ಗೋಡೆಯ ಹಾಗೆ ನಿಲ್ಲುತ್ತದೆ. ಕಾರ್ಬನ್ ಡ್ರ್ಯಾಗ್ ವಾಷರ್‌ಗೆ ಅದಕ್ಕೆಂದೇ ಇರುವ ಡ್ರ್ಯಾಗ್ ಗ್ರೀಸ್ ಮಾತ್ರ.

ಆ್ಯಂಟಿ ರಿವರ್ಸ್ ಬೇರಿಂಗಿಗೆ ಗ್ರೀಸ್ ತಾಗಿಸಲೇಬಾರದು. ದಪ್ಪ ಗ್ರೀಸಿನಲ್ಲಿ ಅದರ ರೋಲರ್‌ಗಳು ಕಚ್ಚದೆ ಜಾರುತ್ತವೆ. ತೆಳು ಎಣ್ಣೆಯ ಪಸೆ ಇದ್ದರೆ ಸಾಕು. ಬ್ರೇಕಿನ ತುಣುಕುಗಳಿಗೂ ಅವು ಉಜ್ಜುವ ಬಳೆಗೂ ಏನನ್ನೂ ಹಾಕಬೇಡಿ.

ಡಬ್ಲ್ಯುಡಿ-40 ಬಗ್ಗೆ ಒಂದು ಮಾತು. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ದ್ರವದ ಹೆಸರಿನ ಅರ್ಥವೇ ನೀರನ್ನು ಓಡಿಸುವ 40ನೇ ಪ್ರಯತ್ನ ಎಂದು. ಆ ಕೆಲಸಕ್ಕೆ ಅದು ಸರಿ. ಆದರೆ ರೀಲಿನೊಳಗೆ ಸಿಂಪಡಿಸಿದರೆ ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಎಣ್ಣೆ ಹಾಕಿದೆವು ಎಂಬ ಸಮಾಧಾನ ಮಾತ್ರ ಉಳಿಯುತ್ತದೆ.

ವರ್ಷಕ್ಕೊಮ್ಮೆ ಬಿಚ್ಚುವುದು

ಕಡಲಿಗೆ ಒಯ್ಯುವ ರೀಲನ್ನು ವರ್ಷಕ್ಕೆ ಒಮ್ಮೆಯಾದರೂ ಪೂರ್ತಿ ಬಿಚ್ಚಬೇಕು. ವಾರವಾರ ಬಳಸುವವರು ಎರಡು ಸಲ. ಬಿಳಿ ಬಟ್ಟೆ ಹಾಸಿಕೊಂಡು ಕೂತರೆ ಬಿದ್ದ ಸ್ಪ್ರಿಂಗು ಕಣ್ಣಿಗೆ ಸಿಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಇಡುತ್ತ ಹೋದರೆ ಕೂಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರಾಯಿತು. ಮೊದಲು ಕೈಹಿಡಿಯ ನಟ್, ಕೈಹಿಡಿ, ನಕ್ಷತ್ರ ಚಕ್ರ. ಆಮೇಲೆ ಮುಚ್ಚಳದ ಸ್ಕ್ರೂಗಳು. ಮುಚ್ಚಳ ಎತ್ತುವಾಗ ಪಿನಿಯನ್ನಿನ ಎರಡು ಪುಟ್ಟ ಸ್ಪ್ರಿಂಗುಗಳು ಮಿಡತೆಯ ಹಾಗೆ ಹಾರುತ್ತವೆ, ಬೆರಳು ಅಡ್ಡ ಇಟ್ಟುಕೊಳ್ಳಿ. ಡ್ರ್ಯಾಗ್ ವಾಷರ್‌ಗಳ ಕ್ರಮ ತಪ್ಪಿದರೆ ಡ್ರ್ಯಾಗ್ ಹಿಡಿಯುವುದಿಲ್ಲ.

ಹಳೆಯ ಗ್ರೀಸನ್ನು ಒರೆಸಿ ತೆಗೆಯಿರಿ. ಬೇರಿಂಗ್‌ಗಳನ್ನು ಚಿಕ್ಕ ಡಬ್ಬಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಅಲುಗಾಡಿಸಿ, ಕೊಳೆ ಬಿಡುವುದು ನಿಂತ ಮೇಲೆ ತೆಗೆದು ಒಣಗಿಸಿ. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡ. ಒಣಗಿದ ಬೇರಿಂಗನ್ನು ಹಲ್ಲುಕಡ್ಡಿಯ ತುದಿಗೆ ಸಿಕ್ಕಿಸಿ ಬೆರಳಿನಿಂದ ತಿರುವಿ, ಕಿವಿಯ ಹತ್ತಿರ ಹಿಡಿಯಿರಿ. ಸರ್ರನೆ ತಿರುಗಿ ತಾನಾಗಿ ನಿಧಾನಕ್ಕೆ ನಿಂತರೆ ಚೆನ್ನಾಗಿದೆ. ಕಡ್ಡಿಗೆ ಸಣ್ಣ ನಡುಕ ತಾಗಿದರೆ, ತಿರುಗುತ್ತಾ ಒಂದೇ ಜಾಗದಲ್ಲಿ ತಡೆದರೆ ಒಳಗೆ ಗುಳಿ ಬಿದ್ದಿದೆ. ಅದನ್ನು ಎಣ್ಣೆ ಹಾಕಿ ಉಳಿಸಲು ನೋಡಬೇಡಿ, ಬದಲಿಸಿ.

ನೀರಿಗೆ ಬಿದ್ದ ರೀಲ್

ಕೋಲು ಕೈಜಾರಿ ರೀಲ್ ಕಡಲಿನಲ್ಲಿ ಮುಳುಗಿದರೆ ಮೇಲಿನ ತೊಳೆತ ಸಾಲದು. ಉಪ್ಪುನೀರು ಗೇರ್ ಪೆಟ್ಟಿಗೆಗೆ ಹೋಗಿಯಾಗಿದೆ. ಇಲ್ಲಿ ಮಾತ್ರ ಮುಳುಗಿಸುವುದೇ ಮದ್ದು: ಸಿಹಿನೀರಿನಲ್ಲಿ ಅದ್ದಿ, ಕೈಹಿಡಿ ತಿರುಗಿಸಿ, ನೀರು ಬದಲಿಸಿ ಮತ್ತೆ ಅದ್ದಿ. ಅದೇ ದಿನ ಬಿಚ್ಚಿ ಒಣಗಿಸಿ ಹೊಸ ಎಣ್ಣೆ, ಗ್ರೀಸ್ ಹಾಕಿ. ಬಿಚ್ಚಲು ಬಾರದಿದ್ದರೆ ಬಲ್ಲವರ ಕೈಗೆ ಕೊಡಿ. ಒಂದು ವಾರ ತಡಮಾಡಿದರೆ ಸ್ಕ್ರೂಗಳೇ ಬಿಚ್ಚಲು ಬರದೆ ಹೋಗಬಹುದು.

ಮಳೆಗಾಲದ ನಾಲ್ಕು ತಿಂಗಳು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಹವ್ಯಾಸಿಗಳಲ್ಲೂ ಹಲವರ ಕೋಲು ಆ ಹೊತ್ತಿಗೆ ಮೂಲೆ ಸೇರುತ್ತದೆ. ವರ್ಷದ ದೊಡ್ಡ ಬಿಚ್ಚುವಿಕೆಗೆ ಮೇ ಕೊನೆಯೇ ಸರಿಯಾದ ಕಾಲ, ಸೆಪ್ಟೆಂಬರ್ ಅಲ್ಲ. ತೇವ ತುಂಬಿದ ಆ ತಿಂಗಳುಗಳಿಗೆ ಉಪ್ಪು ಉಳಿದ ರೀಲನ್ನು ಒಪ್ಪಿಸಿದರೆ ಮಳೆ ಬಿಟ್ಟ ಮೇಲೆ ಕೈಗೆ ಸಿಗುವುದು ಬಿಳಿ, ಹಸಿರು, ಕಂದು ಬಣ್ಣದ ಉಂಡೆ. ತೊಳೆದು, ಎಣ್ಣೆ ಹಾಕಿದ ರೀಲನ್ನು ಬಟ್ಟೆಯ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವವನ್ನು ನಾವೇ ಕಾಪಾಡಿದಂತಾಗುತ್ತದೆ. ತಿಂಗಳಿಗೊಮ್ಮೆ ತೆಗೆದು ಕೈಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿದರೆ ಎಣ್ಣೆ ಒಂದೇ ಕಡೆ ಇಳಿದು ನಿಲ್ಲುವುದಿಲ್ಲ.

ಕೊನೆಗೆ ಉಳಿಯುವ ಲೆಕ್ಕ

ಕಡಲಿಗೆ ತಕ್ಕ ಬೇಟ್‌ಕಾಸ್ಟಿಂಗ್ ರೀಲ್ ಇದೆಯೇ ಎಂದರೆ, ಇದೆ. ತುಕ್ಕು ತಡೆಯುವ ಬೇರಿಂಗ್, ಸೀಲ್ ಮಾಡಿದ ಪೆಟ್ಟಿಗೆ, ಕಾರ್ಬನ್ ಡ್ರ್ಯಾಗ್ ಇವೆಲ್ಲ ಆಯುಷ್ಯವನ್ನು ಖಂಡಿತ ಹೆಚ್ಚಿಸುತ್ತವೆ. ಆದರೆ ಸೀಲ್ ಕೂಡ ಸವೆಯುತ್ತದೆ, ಮತ್ತು ಹೊರಗಿನ ನೀರನ್ನು ತಡೆಯುವ ಅದೇ ಸೀಲ್ ಒಳಗೆ ಹೋದ ನೀರನ್ನು ಹೊರಗೂ ಬಿಡುವುದಿಲ್ಲ. ದುಬಾರಿ ರೀಲ್ ಮಾಲೀಕನ ಉದಾಸೀನವನ್ನು ಸ್ವಲ್ಪ ಕಾಲ ಸಹಿಸಿಕೊಳ್ಳುತ್ತದೆ, ಅಷ್ಟೇ. ಹೊಸ ರೀಲಿಗೆ ಹಣ ಹೊಂದಿಸುವ ಮುಂಚೆ ಮನೆಯಲ್ಲಿರುವುದನ್ನು ಒಂದು ಸಲ ಬಿಚ್ಚಿ ನೋಡಿ. ಎಷ್ಟೋ ಸಲ ಅದಕ್ಕೆ ಬೇಕಾಗಿರುವುದು ಎರಡು 623 ಬೇರಿಂಗು, ಒಂದು ಚಮಚ ಗ್ರೀಸು ಮತ್ತು ಒಂದು ಭಾನುವಾರದ ಬೆಳಗು.